ಮಾವನ ಕೈಗುಣವೂ ಡಿಸ್ಕ್ ಡ್ರೈವೂ

ಸಂಜೆಯೊಳಗೆ ಮಠದ ಸ್ಮರಣ ಸಂಚಿಕೆಯ ಪುಟಗಳು ಊರಂಚಿನ ಸತ್ಯಮಂಗಲದ ಪ್ರೆಸ್ಸಿಗೆ ಹೋಗದಿದ್ದರೆ ರೂಪಶ್ರೀಯ ಕಂಪ್ಯೂಟರೇ ಕುಣಿಗಲ್ಲಿಗೆ ಹೋಗುತ್ತಿತ್ತು. ದುಡಿಯದ ಯಂತ್ರ ಮನೆಗೆ ದಂಡವೆಂದು ಮಾವ ಸದಾಶಿವಯ್ಯನವರು ಆಗಲೇ ಗಿರಾಕಿ ಗೊತ್ತುಮಾಡಿದ್ದರು. ಕುಣಿಗಲ್‌ನಲ್ಲಿ ಟೈಪಿಂಗ್ ಕಲಿಸುವ ಓಬಳಯ್ಯ ಸಂಜೆ ವ್ಯಾನು ತರುವವನಿದ್ದ.

ರೂಪಶ್ರೀ ಜೋಡಿಸಿದ ಪುಟಗಳೇನೋ ಸಿದ್ಧವಿದ್ದವು. ಫೋಟೋಗಳೇ ತುಂಬಿದ ಆ ಫೈಲು ಫ್ಲಾಪಿಯಲ್ಲಿ ಹಿಡಿಸದೆಂದೇ ಅವಳು ಹೆಚ್ಚು ಹಿಡಿಸುವ ಡಿಸ್ಕು ಹಾಕಿ ತೆಗೆಯುವಂಥ, ಹೊರಗಿನಿಂದ ಜೋಡಿಸುವ ಡಿಸ್ಕ್ ಡ್ರೈವ್ ತಂದಿದ್ದಳು. ಅದರ ಹಸಿರು ದೀಪ ಉರಿಯುತ್ತಿತ್ತು, ಆದರೆ ಅಂಥದ್ದೊಂದು ಇದೆಯೆಂದೇ ಕಂಪ್ಯೂಟರು ಒಪ್ಪುತ್ತಿರಲಿಲ್ಲ. ಕೇಬಲ್ ಬದಲಾಯಿಸಿದಳು, ಪ್ರಿಂಟರಿನ ವೈರು ಕಿತ್ತಳು. ಉಪ್ಪಾರಹಳ್ಳಿಯ ಮನೆಯಿಂದ ಶಿರಾ ಗೇಟಿಗೆ ಡ್ರೈವನ್ನು ಕಂಕುಳಲ್ಲಿಟ್ಟುಕೊಂಡು ಎಡತಾಕಿದ್ದೇ ಬಂತು. ಅಲ್ಲಿ ರಿಪೇರಿ ಅಂಗಡಿಯ ಕಿರಣ್‌ಕುಮಾರ್ ಅದನ್ನು ಸಿಕ್ಕಿಸಿ ತನ್ನ ಕಂಪ್ಯೂಟರು ಹಾಕಿದರೆ ಸೊಗಸಾಗಿ ಓಡುತ್ತಿತ್ತು.

"ಡ್ರೈವ್ ಸರಿಯಾಗೇ ಐತೆ ಕಣಕ್ಕ. ನಿಮ್ಮನೇಲೇ ಏನೋ ಪ್ರಾಬ್ಲಂ."

ಆ ಪ್ರಾಬ್ಲಂ ಏನೆಂದು ಮಾವ ಹೇಳಿದರು. "ನಿನ್ ಕೈಗುಣ ಸರಿಯಿಲ್ಲ ಕಣಮ್ಮ."

ಅದಕ್ಕೇ ಕಂಪ್ಯೂಟರು ಹಾಕುವವರು ಅವರೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಬೆರಳಿನಲ್ಲೇ ಗುಂಡಿ ಒತ್ತಿ ಕೈಮುಗಿಯುವರು. ದೇವರ ದೀಪದಂತೆ ಹಚ್ಚಿದ್ದನ್ನು ಸಂಜೆಯವರೆಗೆ ಆರಿಸುವಂತಿಲ್ಲ. ರೂಪಶ್ರೀ ಅಡುಗೆ ಮುಗಿಸಿ ಬಂದು, ಆಮೇಲೆ ಡ್ರೈವಿನ ಸ್ವಿಚ್ಚು ಹಾಕಿ ಕೂರುವಳು. ಖಾಲಿ ಪರದೆ ನೋಡಿ ನೋಡಿ ಅವಳ ಮೈ ಉರಿದುಹೋಗುತ್ತಿತ್ತು.

ಅಂದು ಮಧ್ಯಾಹ್ನ ಮಾವ ಮಲಗಿದ್ದಾಗ ಕರೆಂಟು ಹೋಯಿತು. ಇದೊಂದು ಬಾಕಿ ಇತ್ತೆಂದು ಹಣೆ ಚಚ್ಚಿಕೊಂಡಳು. ಕರೆಂಟು ಬಂದಾಗ ಡ್ರೈವಿನ ದೀಪ ತಾನಾಗಿ ಹತ್ತಿಕೊಂಡಿತು. ಮಾವನನ್ನು ಎಬ್ಬಿಸುವಷ್ಟು ತಾಳ್ಮೆ ಉಳಿದಿರಲಿಲ್ಲ, ಕಂಪ್ಯೂಟರಿನ ಗುಂಡಿಯನ್ನು ತಾನೇ ಒತ್ತಿದಳು. ಪರದೆಯ ಮೇಲೆ ಡ್ರೈವ್ ಪ್ರತ್ಯಕ್ಷವಾಯಿತು.

ಅವಳಿಗೆ ಆಗ ಹೊಳೆಯಿತು. ಕಂಪ್ಯೂಟರು ಏಳುವಾಗ ಯಾರ್ಯಾರು ಬಂದಿದ್ದಾರೆಂದು ಒಮ್ಮೆ ನೋಡಿಕೊಳ್ಳುತ್ತದೆ, ತಡವಾಗಿ ಬಂದವರನ್ನು ಮಾತಾಡಿಸುವುದಿಲ್ಲ. ಡ್ರೈವ್ ಮೊದಲು ಎದ್ದಿರಬೇಕು. ಇಷ್ಟು ದಿನ ಕೆಲಸ ಕೆಡಿಸಿದ್ದು ಮಾವನ ಕೈಗುಣವೇ. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಪುಟಗಳನ್ನು ಡಿಸ್ಕಿಗೆ ತುಂಬಿ, ಆಟೋದಲ್ಲಿ ಹೋಗಿ ಪ್ರೆಸ್ಸಿಗೆ ಕೊಟ್ಟು ಬರುವಷ್ಟರಲ್ಲಿ ಓಬಳಯ್ಯನ ವ್ಯಾನು ಬಾಗಿಲಲ್ಲಿ ನಿಂತಿತ್ತು.

"ಕೆಲಸ ಆಯ್ತು ಮಾವ," ಎಂದಳು.

ಸದಾಶಿವಯ್ಯನವರು ಎದೆಯುಬ್ಬಿಸಿ ಓಬಳಯ್ಯನ ಕಡೆ ತಿರುಗಿದರು. "ಮಾರಲ್ಲ ಹೋಗಪ್ಪ. ಬೆಳಿಗ್ಗೆ ನಾನೇ ಹಾಕಿದ್ದು, ನನ್ ಕೈಗುಣ ಅಂಥದ್ದು."

ನಿಜ ಹೇಳಿ ಮಾವನಿಗೆ ಮುಖಭಂಗ ಮಾಡಿದರೆ ವ್ಯಾನು ಇನ್ನೂ ಬಾಗಿಲಲ್ಲೇ ಇದೆ. ನಾಲಿಗೆ ತುದಿಗೆ ಬಂದದ್ದನ್ನು ರೂಪಶ್ರೀ ನುಂಗಿಕೊಂಡಳು. ಬೇವಿನ ಕಷಾಯ ಕುಡಿದಂತಾಯಿತು. ವ್ಯಾನು ತಿರುವು ದಾಟಿದ ಮೇಲೆ ಬಾಯಿ ಬಿಟ್ಟಳು.

"ಮಾವ, ಅಷ್ಟೊಳ್ಳೆ ಕೈನ ಕಂಪ್ಯೂಟರ್‌ಗ್ಯಾಕೆ ಸವೆಸ್ತೀರಿ? ನಾಳೆಯಿಂದ ಪೂಜೆ ಮುಗಿಸ್ಕೊಂಡು ಈ ಡ್ರೈವ್ ಡಬ್ಬ ಹಾಕ್ಬಿಡಿ ಸಾಕು. ಕಂಪ್ಯೂಟರ್ ಆಮೇಲೆ ನಾನ್ ಹಾಕ್ಕೋತೀನಿ."

"ಅದೂ ಸರಿ ಬುಡು," ಎಂದ ಸದಾಶಿವಯ್ಯನವರು, ಡ್ರೈವಿನ ನೆತ್ತಿಗೆ ಮೂರು ಬೆರಳ ವಿಭೂತಿ ಎಳೆದರು.