ಎಲಿನ್ ಪಕ್ಕದ ಜಾಗ

"ಇನ್ನೊಂದು ಸಲ ನೂಕ್ರೋ!" ಎಂದ ರೋಲೆಂಡ್. ಚಟ್ಟ ಹೊತ್ತವರು ಹೆಗಲು ಕೊಟ್ಟು ನೂಕಿದರೂ ಚರ್ಚಿನ ಸ್ಮಶಾನದ ಬಾಗಿಲು ಅಲುಗಲಿಲ್ಲ. ಒಳಗಿನಿಂದ ಅಗುಳಿ ಹಾಕಿತ್ತು. ಚಟ್ಟದ ಮೇಲಿದ್ದವನು ರೋಲೆಂಡ್‌ನ ಅಣ್ಣ, ಕುದುರೆ ಜೀನು ಹೊಲಿಯುವ ಮೈಲ್ಸ್. ರಾಣಿ ನಿಷೇಧಿಸಿದ್ದ ಕ್ಯಾಥೊಲಿಕ್ ಪಂಥದ ಗುರುವೊಬ್ಬರನ್ನು ಅಟ್ಟದಲ್ಲಿ ಬಚ್ಚಿಟ್ಟನೆಂದು ನಿನ್ನೆ ಲ್ಯಾಂಕಾಸ್ಟರ್ ಪೇಟೆಯಲ್ಲಿ ಅವನನ್ನು ಗಲ್ಲಿಗೇರಿಸಿದ್ದರು.

ರಾಣಿಯ ಚರ್ಚಿನ ಪಾದ್ರಿ ಗೋಡೆಯ ಮೇಲಿಂದ ಇಣುಕಿದರು. "ಬದುಕಿದ್ದಾಗ ಒಂದಿನ ಒಳಗೆ ಕಾಲಿಡದೋನಿಗೆ ಈಗೇನು ಕೆಲಸ ಇಲ್ಲಿ?"

"ಅವನ ಮಗು ಎಲಿನ್ ಅಲ್ಲೇ ಮಲಗಿದೆ ಸ್ವಾಮಿ," ಎಂದಳು ಮೈಲ್ಸ್‌ನ ಹೆಂಡತಿ ಜೆನೆಟ್.

"ಹಂಗಾದ್ರೆ ನೀನು ಬಾ. ಎಲ್ಲರ ಮುಂದೆ ಕೂತು ಉಪದೇಶ ಕೇಳು, ನಮ್ಮ ಪ್ರಸಾದದ ರೊಟ್ಟಿ ತಗೋ. ಅಷ್ಟರಲ್ಲಿ ಗುಂಡಿ ತೋಡಿಸಿರ್ತೀನಿ."

ರೋಲೆಂಡ್ ನೆಲಕ್ಕೆ ಉಗಿದ. "ಅತ್ತಿಗೆ, ಆ ರೊಟ್ಟಿ ಮುಟ್ಟಲ್ಲ ಅಂತಾನೇ ಅಣ್ಣ ಸತ್ತಿದ್ದು. ಗುಡ್ಡದಾಚೆ ಹೂಳೋಣ. ಹುತಾತ್ಮ ಅವನು."

"ನಿಂಗೆ ಹುತಾತ್ಮ. ನಂಗೆ ಗಂಡ," ಎಂದು ಜೆನೆಟ್, ಪಾದ್ರಿ ಅವಳೊಬ್ಬಳಿಗೆಂದು ತೆರೆಸಿದ ಬಾಗಿಲಿನಿಂದ ಒಳಗೆ ಹೋದಳು.

*

ಹುತಾತ್ಮನಂತೆ! ಪ್ರಾರ್ಥನೆಯ ನಡುವೆ ತೂಕಡಿಸಿ ಬೈಸಿಕೊಳ್ಳುತ್ತಿದ್ದವನು, ಉಪವಾಸದ ದಿನದ ಉಪ್ಪುಮೀನು ಕಂಡರೆ ಮುಖ ಸಿಂಡರಿಸುತ್ತಿದ್ದವನು. ಗುರುವನ್ನು ಅಟ್ಟ ಹತ್ತಿಸಿದಾಗಲೂ, "ಜ್ವರ ಬಂದೋರನ್ನ ಹೆಂಗೆ ಆಚೆ ಕಳಿಸ್ಲಿ?" ಎಂದಿದ್ದ, ಅಷ್ಟೇ. ಒಮ್ಮೆ ರಾಣಿಯ ಚರ್ಚಿಗೆ ಬಂದರೆ ಜೀವ ಉಳಿಸುತ್ತೇವೆ ಎಂದು ನ್ಯಾಯಾಧೀಶರು ಹೇಳಿದಾಗ ಮಾತ್ರ, ಎಲ್ಲಿತ್ತೋ ಆ ಹಟ, ಆಗಲ್ಲ ಅಂದುಬಿಟ್ಟ. ಜೆನೆಟ್ ಅದನ್ನು ಇನ್ನೂ ಕ್ಷಮಿಸಿರಲಿಲ್ಲ.

ಜೈಲಿನ ಕಿಂಡಿಯಲ್ಲಿ ಅವಳ ಬೆರಳು ಹಿಡಿದು ಅವನು ಕೇಳಿದ್ದು ಒಂದೇ. "ನನ್ನನ್ನ ಎಲಿನ್ ಪಕ್ಕ ಮಲಗಿಸು ಕಣೇ. ಮಗೀಗೆ ಒಬ್ಳೇ ಮಲಗೋಕೆ ಭಯ."

*

ಪಾದ್ರಿ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. "ರಾಜದ್ರೋಹಿ ಮೈಲ್ಸ್ ಈಗ ನರಕದಲ್ಲಿ ಬೇಯ್ತಿದಾನೆ. ಆಮೆನ್ ಅನ್ನಮ್ಮ. ಜೋರಾಗಿ."

ಊರೆಲ್ಲ ಕತ್ತು ಚಾಚಿ ನೋಡುತ್ತಿತ್ತು. "ಆಮೆನ್," ಎಂದಳು ಜೆನೆಟ್.

ಉಪದೇಶ ಮಧ್ಯಾಹ್ನದವರೆಗೂ ಎಳೆಯಿತು. ಹೊರಗೆ ಗುದ್ದಲಿಯ ಸದ್ದು ಕೇಳುತ್ತಿತ್ತು, ಅದನ್ನೇ ನಂಬಿ ಅವಳು ಕೂತಳು. ಕೊನೆಗೆ ಕೊಟ್ಟ ರೊಟ್ಟಿಯನ್ನೂ ನುಂಗಿದಳು.

ಹೊರಗೆ ಬಂದರೆ ಎಲಿನ್ ಪಕ್ಕದಲ್ಲಿ ಆಳವಾದ ಗುಂಡಿಯಿತ್ತು. ಬಾಗಿಲಾಚೆ ಚಟ್ಟವಿರಲಿಲ್ಲ.

"ನೀನು ಆಮೆನ್ ಅಂದಿದ್ದು ಅವರಿಗೂ ಕೇಳಿಸ್ತಮ್ಮ," ಎಂದ ಗುಂಡಿ ತೋಡಿದವನು. "ಆಗ್ಲೇ ಹೊತ್ಕೊಂಡು ಹೋದ್ರು."

ಜೆನೆಟ್ ಗುಡ್ಡದ ದಾರಿ ಹಿಡಿದು ಓಡಿದಳು. ಅವರೆಲ್ಲ ಆಗಲೇ ಇಳಿದು ಬರುತ್ತಿದ್ದರು, ಕೈ ತುಂಬ ಮಣ್ಣು.

"ಎಲ್ಲಿ ಹೂಳಿದ್ರೋ?"

"ಅವನನ್ನ ನರಕಕ್ಕೆ ಕಳಿಸಿ ಬಂದೋಳಿಗೆ ಹೇಳಲ್ಲ," ಎಂದ ರೋಲೆಂಡ್.

"ಅವನೇ ಕೇಳಿದ್ದ ಕಣೋ, ಮಗು ಪಕ್ಕ ಮಲಗಿಸು ಅಂತ!"

"ಹುತಾತ್ಮರು ಅಂಥದ್ದೆಲ್ಲ ಕೇಳಲ್ಲ."

ಅವರು ಮೈಲ್ಸ್‌ನ ಅಂಗಿಯನ್ನು ಕತ್ತರಿಸಿ ಪವಿತ್ರವೆಂದು ಹಂಚಿಕೊಂಡಿದ್ದರು. ಆ ಗುಂಪಿನಲ್ಲಿದ್ದ ಪಕ್ಕದ ಮನೆಯ ಡೌಸ್‌ಗೆ ಮೊಣಕೈಯ ತುಂಡು ಸಿಕ್ಕಿತ್ತು. ಅದರ ಮೇಲೆ ಹೋದ ಚಳಿಗಾಲದಲ್ಲಿ ಜೆನೆಟ್ ಹಾಕಿದ ತೇಪೆ, ಅವಳದೇ ಸೊಟ್ಟ ಹೊಲಿಗೆ.

"ಅಷ್ಟಾದ್ರೂ ಕೊಡೇ," ಎಂದು ಜೆನೆಟ್ ಕೈ ಚಾಚಿದಳು.

ಡೌಸ್ ಆ ತೇಪೆಗೆ ಮುತ್ತಿಟ್ಟು ಕುಪ್ಪಸದೊಳಗೆ ಸೇರಿಸಿದಳು. ಆಮೇಲೆ, ಜೆನೆಟ್‌ಳ ನೆರಳೂ ತನಗೆ ಸೋಕದಂತೆ ದಾರಿಯಂಚಿಗೆ ಸರಿದು ನಡೆದಳು.