ವೈಸಿನ ಬಾಯೊಳಗಿನ ಈಳಿಗೆ

ಕಟ್ಟಿಕೊಂಡವರ ಹೆಸರನ್ನು ಬಾಯಲ್ಲಿ ಹೇಳಬಾರದು ಅಂತ ನಮ್ಮ ಕಡೆ ಇದೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ, ಆದ್ದರಿಂದ ಬರೆದುಬಿಡುತ್ತೇನೆ: ಓಂಕಾರಮೂರ್ತಿ. ಅಜ್ಜಂಪುರದ ಪೇಟೆ ಬೀದಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಾವನವರ ಕಾಲದಿಂದ ನಡೆದುಬಂದದ್ದು, ವ್ಯಾಪಾರಕ್ಕೇನೂ ಕೊರತೆ ಇರಲಿಲ್ಲ. ಆದರೆ ಇವರ ಜೀವ ಇದ್ದದ್ದು ಬಟ್ಟೆಯಲ್ಲಲ್ಲ, ಕಬ್ಬಿಣದಲ್ಲಿ. ಅದರಲ್ಲೂ ಹಳೆಯ ವೈಸುಗಳಲ್ಲಿ.

ಸೈಕಲ್ ಷಾಪಿನಲ್ಲಿ, ಪಂಪ್‌ಸೆಟ್ ರಿಪೇರಿಯವರ ಬೆಂಚಿನ ಮೇಲೆ ಇರುತ್ತದಲ್ಲ, ಹಿಡಿ ತಿರುಗಿಸಿದರೆ ಎರಡು ದವಡೆ ಹತ್ತಿರ ಬಂದು ಸಾಮಾನನ್ನು ಅಲುಗಾಡದ ಹಾಗೆ ಕಚ್ಚಿ ಹಿಡಿಯುತ್ತದಲ್ಲ, ಅದೇ ವೈಸು. ಬೇರೆಯವರು ಅಂಚೆಚೀಟಿ ಕೂಡಿಡುತ್ತಾರೆ, ಹಳೆಯ ನಾಣ್ಯ ಕೂಡಿಡುತ್ತಾರೆ, ಅವೆಲ್ಲ ಒಂದು ಡಬ್ಬಿಯಲ್ಲಿ ಹಿಡಿಯುತ್ತವೆ. ನಮ್ಮವರು ಕೂಡಿಟ್ಟಿದ್ದನ್ನು ಪಕ್ಕಕ್ಕೆ ಸರಿಸಿ ಕಸ ಗುಡಿಸಬೇಕಾದರೆ ಇಬ್ಬರು ಆಳು ಬೇಕಾಗುತ್ತಿತ್ತು. ಒಂದು ಪಂಚನಹಳ್ಳಿಯಲ್ಲಿ ಬೋರ್‌ವೆಲ್ ರಿಪೇರಿಯವನೊಬ್ಬ ಮೂಲೆಗೆ ಎಸೆದದ್ದು. ಇನ್ನೊಂದು ಅಮೃತಾಪುರದಲ್ಲಿ ಯಾರದೋ ಕೊಟ್ಟಿಗೆಯ ಬಾಗಿಲಿಗೆ ಒತ್ತಾಗಿ ಬಿದ್ದಿತ್ತು. ಅದನ್ನು ಕಂಡವರೇ ಬಸ್ಸು ಬಿಟ್ಟು, ಕೊಟ್ಟಿಗೆಯ ಯಜಮಾನನ ಜೊತೆ ಸಂಜೆಯ ತನಕ ಹರಟೆ ಹೊಡೆದು, ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದರು. ಮದುವೆಯಲ್ಲಿ ನನ್ನ ಕೈ ಹಿಡಿಯುವಾಗಲೂ ಆ ಮುಖದಲ್ಲಿ ಅಂಥ ಕಳೆ ಇರಲಿಲ್ಲ.

ತಂದ ಮೇಲೆ ಶುರುವಾಗುತ್ತಿತ್ತು ಆರೈಕೆ. ಬಿಚ್ಚುವುದು, ನನ್ನ ರೇಷನ್ ಸೀಮೆಎಣ್ಣೆಯಲ್ಲಿ ನೆನೆಹಾಕುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಉಪ್ಪುಕಾಗದ ಹಾಕುವುದು, ಮತ್ತೆ ಜೋಡಿಸಿ ಎಣ್ಣೆ ಸವರುವುದು. ಕೊನೆಗೆ ಹಿಡಿಯನ್ನು ಒಂದು ಬೆರಳಲ್ಲಿ ತಳ್ಳಿ, ಅದು ಸದ್ದಿಲ್ಲದೆ ತಿರುಗುವುದನ್ನು ನೋಡುತ್ತಾ ಕೂರುವುದು. ಅಂಗಡಿಯಲ್ಲಿ ಬಿಳಿ ಮಲ್ಲಿನ ಥಾನಿನ ಮೇಲೆ ಕಪ್ಪು ಬೆರಳಿನ ಗುರುತು ಕಂಡರೆ ಗಿರಾಕಿಗಳು ನಗುತ್ತಿದ್ದರು, ನಾನು ನಗುತ್ತಿರಲಿಲ್ಲ. ಸತ್ತ ಕಬ್ಬಿಣಕ್ಕೆಲ್ಲ ಜೀವ ಕೊಡುವ ಈ ಕೈಗೆ ನಮ್ಮ ಬಚ್ಚಲಮನೆಯ ಚಿಲಕ ಮಾತ್ರ ಕಾಣಿಸುತ್ತಿರಲಿಲ್ಲ. ಅದು ಒಂದೇ ಮೊಳೆಯ ಮೇಲೆ ನೇತಾಡುತ್ತಾ ಎರಡು ದೀಪಾವಳಿ ಕಳೆದಿತ್ತು. ಸ್ನಾನಕ್ಕೆ ಹೋದವರು ಹಾಡು ಹೇಳುತ್ತಲೇ ಇರಬೇಕಿತ್ತು.

ಇವರಿಗೆ ಸಿಟ್ಟು ಬರುವುದು ಕಡಿಮೆ, ಬಂದರೆ ನೀರಿನ ವಿಷಯಕ್ಕೆ. ಒದ್ದೆ ಬಟ್ಟೆಯಲ್ಲಿ ವೈಸು ಒರೆಸಿದರೆ ಮುಗಿಯಿತು, ಕಬ್ಬಿಣಕ್ಕೂ ನೀರಿಗೂ ಇರುವ ವೈರದ ಬಗ್ಗೆ ಅರ್ಧ ಗಂಟೆ ಪಾಠ. ಆಯುಧಪೂಜೆಯ ದಿನವೂ ಅಷ್ಟೇ. ಒಣ ವಿಭೂತಿ, ಒಂದು ಹೂವು, ಊದಿನಕಡ್ಡಿ. ನೀರು ಚಿಮುಕಿಸುವ ಹಾಗಿಲ್ಲ, ನಿಂಬೆಹಣ್ಣು ಕುಯ್ದು ಇಡುವ ಹಾಗಿಲ್ಲ. ದೇವರಿಗೇ ನಿಯಮ ಹಾಕಿದ ಮನುಷ್ಯ ಅಂತ ನಾನು ಆಡಿಕೊಳ್ಳುತ್ತಿದ್ದೆ.

ಎಂಬತ್ತೊಂದನೆಯ ಇಸವಿಯ ಬೇಸಿಗೆ. ತರೀಕೆರೆಯಲ್ಲಿ ಗುಜರಿ ಅಂಗಡಿ ಇಟ್ಟಿದ್ದ ರಾಮಯ್ಯ ಬಟ್ಟೆಗೆಂದು ಬಂದವನು ಒಂದು ಸುದ್ದಿ ಕೊಟ್ಟ. ಚೌಳಹಿರಿಯೂರಿನಲ್ಲಿ ಲಿಂಗಮ್ಮ ಅಂತ ಒಬ್ಬರ ಮನೆಯ ಹಿತ್ತಲ ಶೆಡ್ಡಿನಲ್ಲಿ, ನೆಲಕ್ಕೆ ಕಾಲೂರಿ ನಿಲ್ಲುವಂಥ ಹಳೆಯ ವೈಸು ಇದೆ, ಎರಕದ್ದಲ್ಲ, ಕುಲುಮೆಯಲ್ಲಿ ಬಡಿದು ಮಾಡಿದ್ದು, ಎಷ್ಟು ಕೇಳಿದರೂ ಆಕೆ ಕೊಡುವುದಿಲ್ಲ ಎಂದ. ಅಂದು ಇವರು ಊಟಕ್ಕೆ ಕೂತವರು ಸಾರಿಗೆ ಮಜ್ಜಿಗೆ ಬೆರೆಸಿಕೊಂಡು ತಿಂದರು. ಸೋಮವಾರ ಅಂಗಡಿಗೆ ರಜ. ನಾನೂ ಬರುತ್ತೇನೆ ಎಂದು ಹೊರಟೆ, ನನ್ನ ಸೀಮೆಎಣ್ಣೆ ಮುಂದೆ ಯಾರ ಪಾಲಾಗುತ್ತದೆ ಅಂತ ನೋಡಬೇಕಿತ್ತು.

ಲಿಂಗಮ್ಮ ಅರವತ್ತು ದಾಟಿದ ಹೆಂಗಸು. ಮಗ, ಸೊಸೆ ಗುರುಶಾಂತಮ್ಮ, ಮೊಮ್ಮಕ್ಕಳು, ದನ, ಕರು, ತುಂಬಿದ ಮನೆ. ಗಂಡ ಈರಭದ್ರಪ್ಪನವರು ಸುತ್ತಲಿನ ಹಳ್ಳಿಗಳಿಗೆಲ್ಲ ಪಂಪು, ಗಾಡಿಯ ಅಚ್ಚು ರಿಪೇರಿ ಮಾಡಿಕೊಡುತ್ತಿದ್ದರಂತೆ. ತೀರಿಹೋಗಿ ಹತ್ತು ವರ್ಷದ ಮೇಲಾಗಿತ್ತು. ಆಕೆ ಶೆಡ್ಡಿನ ಬಾಗಿಲು ತೆಗೆದು ತೋರಿಸಿದರು.

ಎದೆ ಎತ್ತರದ ವೈಸು. ಮೈತುಂಬ ಕುಂಕುಮ, ವಿಭೂತಿ, ಗಂಧ ಪದರ ಪದರವಾಗಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ದವಡೆಗಳ ನಡುವೆ ಒಂದು ಈಳಿಗೆ ಸಿಕ್ಕಿಕೊಂಡಿತ್ತು, ತರಕಾರಿ ಹೆಚ್ಚುವ ಈಳಿಗೆಮಣೆಯಿಂದ ಕಿತ್ತ ಬರೀ ಅಲಗು. ಅರ್ಧ ದವಡೆಯ ಒಳಗೆ, ಅರ್ಧ ಹೊರಗೆ. ಹೊರಗಿದ್ದ ಭಾಗ ತುಕ್ಕು ಹಿಡಿದು ಮೊಂಡಾಗಿತ್ತು. ಇವರು ಹಿಡಿಯನ್ನು ಮುಟ್ಟಿ ನೋಡಿದರು. ವೈಸು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು.

ಲಿಂಗಮ್ಮ ನನ್ನ ಪಕ್ಕದಲ್ಲಿ ಕೂತು ಹೇಳಿದರು:

"ಅವತ್ತು ಬೆಳಿಗ್ಗೆ ನಾನು ಬಾಯಿ ಮಾಡ್ದೆ ಕಣವ್ವ. ಊರೋರ ಪಂಪಿಗೆಲ್ಲಾ ನಿಮ್ಗೆ ಪುರುಸೊತ್ತೈತೆ, ನನ್ನ ಈಳಿಗೆಗೆ ಇಲ್ಲ, ನಾನು ಸತ್ ಮ್ಯಾಲೆ ಮಸೀತೀರೇನೋ ಅಂದೆ. ಒಂದ್ ಮಾತೂ ಆಡ್ದೆ ಮಣೆಯಿಂದ ಕಿತ್ಕಂಡು ಇಲ್ಲಿಗೆ ಬಂದ್ರು. ಮುದ್ದೆ ಆರಿ ತಣ್ಣಗಾಯ್ತು. ಸಿಟ್ಟು ಮಾಡ್ಕಂಡವ್ರೆ, ಇಳೀಲಿ ಅಂತ ನಾನೂ ಹೋಗಿ ನೋಡ್ಲಿಲ್ಲ. ಆ ಕಂಬಕ್ಕೆ ಒರಗಿ ಕುಂತಿದ್ರು. ಹೋಗ್ಬಿಟ್ಟಿದ್ರು."

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತಂತೆ: ಅಲಗಿಗೆ ಹರಿತ ಮಾಡುವ ಅರವನ್ನೇ ಮುಟ್ಟಿಸಿಲ್ಲ, ಕಚ್ಚಿಸಿ ಹಾಗೇ ಕೂತುಬಿಟ್ಟಿದ್ದಾರೆ. ಆ ಮಾತು ಲಿಂಗಮ್ಮನವರ ಎದೆಯಲ್ಲಿ ನಾಟಿತ್ತು. ಕೆಲಸಕ್ಕೆ ಕೈ ಹಾಕಲಿಲ್ಲ ಎಂದರೆ ತನ್ನ ಮಾತಿಗೆ ನೊಂದು ಕೂತಿದ್ದಾರೆ, ಆ ನೋವಿನಲ್ಲೇ ಹೋಗಿದ್ದಾರೆ ಅಂತ ಆಕೆಯ ಲೆಕ್ಕ. ಆದರೆ ಅಡಿಗೆಮನೆಯಲ್ಲಿ ಕೂತಿದ್ದಾಗ ಒಂದಿಷ್ಟು ಹೊತ್ತು ಅರದ ಸದ್ದು ಕೇಳಿಸಿದ ಹಾಗೂ ಆಕೆಗೆ ನೆನಪು. ಕೇಳಿಸಿತೋ, ಕೇಳಿಸಲಿ ಅಂತ ಮನಸ್ಸೇ ಹುಟ್ಟಿಸಿಕೊಂಡಿತೋ, ಆಕೆಗೇ ತಿಳಿಯದು. ಗ್ಯಾಸ್ ಹಾಕಿ ಕತ್ತರಿಸುತ್ತೇನೆ ಅಂತ ಬಂದ ಒಬ್ಬನನ್ನು ಬೈದು ಕಳಿಸಿದ್ದರು.

"ಈಳಿಗೆ ಮುರೀಬಾರ್ದು, ಸುಡಬಾರ್ದು. ಹಂಗೆ ಬಿಡಿಸಿಕೊಟ್ರೆ ವೈಸು ನಿಮ್ದೇ. ಸಿಟ್ಟಲ್ಲಿ ಕುಂತ್ರೋ, ನನ್ ಕೆಲ್ಸಕ್ಕೆ ಕೈ ಹಾಕಿದ್ರೋ, ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಇವರು ಅಷ್ಟರಲ್ಲಿ ತಿರುಪಿನ ಸಂದಿಯನ್ನು ಉಗುರಿನಿಂದ ಕೆರೆದು, ಮೂಸಿ ನೋಡುತ್ತಿದ್ದರು. ಇಷ್ಟು ಬಿಗಿಯಾಗಿದೆಯಲ್ಲ, ಶೆಡ್ಡು ಸೋರುತ್ತದೆಯೇ ಎಂದು ಕೇಳಿದರು. ಲಿಂಗಮ್ಮ, ಒಂದು ಹನಿಯೂ ಸೋರಲ್ಲ ಎಂದು ಹೆಮ್ಮೆಯಿಂದಲೇ ಹೇಳಿದರು. ಗಂಡ ಹೋದ ಮೇಲೆ ತಾನು ಇದನ್ನು ಬರೀ ಕಬ್ಬಿಣ ಅಂತ ನೋಡಿಲ್ಲವಂತೆ. ಪ್ರತಿ ಸೋಮವಾರ ಒಂದು ಚೊಂಬು ನೀರು ಹಾಕಿ ಮೈ ತೊಳೆದು ವಿಭೂತಿ ಇಟ್ಟಿದ್ದಾರೆ. ಆಯುಧಪೂಜೆಗೆ ನಿಂಬೆಹಣ್ಣು ಕುಯ್ದು, ರಸ ಹಿಂಡಿ, ಕುಂಕುಮ ಹಚ್ಚಿದ್ದಾರೆ. ಒಂದು ವಾರವೂ ತಪ್ಪಿಸಿಲ್ಲ.

ಇವರ ಬಾಯಿ ತೆರೆಯಿತು. ನನಗೆ ಗೊತ್ತಾಯಿತು, ಕಬ್ಬಿಣ ಮತ್ತು ನೀರಿನ ಪಾಠ ಬಂತು ಅಂತ. ಕಣ್ಣಲ್ಲೇ ಗದರಿಸೋಣ ಎನ್ನುವಷ್ಟರಲ್ಲಿ ಆ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಹಳೇ ಕಬ್ಬಿಣ ಅಲ್ವ್ರಾ, ಹಂಗಾಗುತ್ತೆ, ಎಂದಷ್ಟೇ ಹೇಳಿ ಎದ್ದರು. ಮದುವೆಯಾದಂದಿನಿಂದ ಇವರು ಕಬ್ಬಿಣದ ಬಗ್ಗೆ ಆಡಿದ ಮೊದಲ ಸುಳ್ಳು ಅದೇ ಇರಬೇಕು. ಆವತ್ತು ನನಗೆ ಇವರ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟು ತೋರಿಸಿದೆ.

ಬಸ್ಸಿನಲ್ಲಿ ಇವರು ಒಂದು ಮಾತು ಹೇಳಿದರು. ಈಳಿಗೆಗೆ ಅರ ಹಾಕುವವರು ಯಾವಾಗಲೂ ಮೊದಲು ಬುಡವನ್ನು ವೈಸಿಗೆ ಕಚ್ಚಿಸಿ ತುದಿಯ ಅರ್ಧ ಮಾಡುತ್ತಾರೆ. ಆಮೇಲೆ ತಿರುಗಿಸಿ, ತುದಿಯನ್ನು ಕಚ್ಚಿಸಿ ಬುಡದ ಅರ್ಧ ಮಾಡುತ್ತಾರೆ. ಅಲ್ಲಿ ಹೊರಗಿರುವುದು ಬುಡ, ತುದಿ ಒಳಗಿದೆ. ಹಾಗಾದರೆ ಅರ್ಧ ಕೆಲಸ ಆಗಿರಬೇಕಲ್ಲ, ಆಕೆಗೆ ಹೇಳಬಾರದಿತ್ತೇ ಎಂದು ಕೇಳಿದೆ.

"ಅವ್ರ ಕೈ ಅಭ್ಯಾಸ ಏನಿತ್ತೋ ಯಾರಿಗ್ಗೊತ್ತು ಕಣೇ. ಆಸೆ ಹುಟ್ಟಿಸಿ, ಒಳಗೂ ತುಕ್ಕೇ ಇದ್ರೆ? ಆ ಅಮ್ಮ ಎರಡನೇ ಸಲ ಕಳ್ಕಂತಾರೆ."

ಆಮೇಲೆ ಸೋಮವಾರವೆಲ್ಲ ಚೌಳಹಿರಿಯೂರೇ. ಬೆಂಕಿ ಇಟ್ಟು ಕಾಯಿಸಿದರೆ ಇಂಥ ವೈಸು ಒಂದು ಗಳಿಗೆಯಲ್ಲಿ ಬಿಡುತ್ತಿತ್ತಂತೆ, ಆದರೆ ಅಲಗು ಸುಟ್ಟು ಹದ ಹೋಗುತ್ತದೆ. ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದರೆ ತಿರುಪೇ ಮುರಿಯಬಹುದು. ಸುತ್ತಿಗೆ ಬಿದ್ದರೆ ಈಳಿಗೆ ಚೂರಾಗುತ್ತದೆ. ಉಳಿದದ್ದು ತಾಳ್ಮೆ. ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿ ಬತ್ತಿಯಲ್ಲಿ ಸಂದಿಗೆ ಉಣಿಸುವುದು, ಮರದ ಕೊಡತಿಯಿಂದ ಮೆಲ್ಲಗೆ ಸುತ್ತಲೂ ತಟ್ಟುವುದು, ಮುಂದಿನ ಸೋಮವಾರಕ್ಕೆ ಬಿಡುವುದು. ನೀರು ಹಾಕಬೇಡಿ ಎನ್ನಲು ಬಾಯಿ ಬಾರದೆ, ಎಣ್ಣೆ ಇಳಿಯುವ ತನಕ ಪೂಜೆ ನಿಲ್ಲಿಸಬೇಕು, ಎಣ್ಣೆಯ ಮೈಗೆ ಪೂಜೆ ಮಾಡಬಾರದು ಅಂತ ತಾವೇ ಒಂದು ಶಾಸ್ತ್ರ ಕಟ್ಟಿ ಹೇಳಿದರು. ಲಿಂಗಮ್ಮ ಅದನ್ನು ಭಕ್ತಿಯಿಂದ ಒಪ್ಪಿಕೊಂಡರು. ನಾನು ಆ ಬೇಸಿಗೆ ರೇಷನ್ ಸೀಮೆಎಣ್ಣೆಯ ಲೆಕ್ಕ ಕೇಳಲಿಲ್ಲ. ಸೌದೆ ಒಲೆಯಲ್ಲೇ ಕಾಫಿ ಕಾಯಿಸಿದೆ.

ಶ್ರಾವಣದ ಒಂದು ಸೋಮವಾರ ಕೊಡತಿಯ ಸದ್ದು ಬದಲಾಯಿತು. ನನಗೂ ಕೇಳಿಸಿತು. ಇವರು ಕೊಡತಿ ಕೆಳಗಿಟ್ಟು, ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು ಭಾರ ಬಿಟ್ಟರು. ಒಂದು ಸಲ ಕಿರ್ ಎಂದಿತು. ಕಾಲು ಸುತ್ತು ತಿರುಗಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಕೆಂಪು ಎಣ್ಣೆ ಒಸರಿ ನೆಲಕ್ಕೆ ತೊಟ್ಟಿಕ್ಕಿತು. ಗುರುಶಾಂತಮ್ಮ ಒಳಗಿಂದ ಓಡಿ ಬಂದಳು. ಲಿಂಗಮ್ಮ ಕಂಬದ ಪಕ್ಕ ಕೂತವರು ಏಳಲಿಲ್ಲ, ಮೊಳಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

ದವಡೆ ಒಂದು ಬೆರಳಿನಷ್ಟು ಬಿಟ್ಟಿತು. ಇವರು ಈಳಿಗೆಯನ್ನು ಹೊರಗೆ ತೆಗೆಯದೆ ಮೊದಲು ಬಗ್ಗಿ ನೋಡಿದರು. ಆಮೇಲೆ, "ಅಮ್ಮಾ, ನೀವೇ ಬಂದು ತಕ್ಕಳಿ" ಎಂದರು.

ಲಿಂಗಮ್ಮ ಎದ್ದು ಬಂದು ಎತ್ತಿದರು. ಒಳಗಿದ್ದ ಅರ್ಧಕ್ಕೆ ಬಟ್ಟೆ ಸುತ್ತಿತ್ತು. ಅಂದೇ ಎಣ್ಣೆಯಲ್ಲಿ ಅದ್ದಿ ಸುತ್ತಿದ್ದ, ಈಗ ಕಪ್ಪಾಗಿ ಅಂಟಿಕೊಂಡಿದ್ದ ಬಟ್ಟೆ. ಮೊಂಡು ಅಲಗಿಗೆ ಯಾರೂ ಬಟ್ಟೆ ಸುತ್ತುವುದಿಲ್ಲ, ಹೊಸದಾಗಿ ಹರಿತ ಮಾಡಿದ ಬಾಯಿ ದವಡೆಗೆ ಸಿಕ್ಕಿ ಕೆಡದಿರಲಿ ಅಂತಲೇ ಸುತ್ತುವುದು. ಇಷ್ಟನ್ನು ಇವರು ಮೆಲ್ಲಗೆ ಹೇಳಿದರು. ಲಿಂಗಮ್ಮ ಸುರುಳಿ ಬಿಡಿಸಿದರು. ಕೊನೆಯ ಸುತ್ತಿನ ಅಡಿಯಲ್ಲಿ ಅಲಗು ಬೆಳ್ಳಗೆ ಹೊಳೆಯಿತು. ಅರ ಎಳೆದ ಗೆರೆಗಳು ಒಂದರ ಪಕ್ಕ ಒಂದು, ಅಂದಿನ ಬೆಳಿಗ್ಗೆ ಹಾಕಿದ ಹಾಗೇ ಇದ್ದವು.

ಆಕೆ ಅಳುತ್ತಾರೆ ಅಂದುಕೊಂಡಿದ್ದೆ. ನಾನೇ ಅತ್ತದ್ದು. ಲಿಂಗಮ್ಮ ಆ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ, "ಕೇಳಿಸಿತ್ತು ಕಣವ್ವ ನಂಗೆ, ಅರದ ಸದ್ದು" ಎಂದರು. ಬಿಚ್ಚಿದ ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು, "ಕೇಳಿಸ್ದಾಗಲೇ ಎದ್ದು ಬಂದು ಪಕ್ಕದಲ್ಲಿ ನಿಂತ್ಕಳ್ಳಬೇಕಿತ್ತು" ಎಂದರು.

ಉಳಿದ ಅರ್ಧವನ್ನೂ ಅರ ಹಾಕಿ ಕೊಡುತ್ತೇನೆ ಎಂದು ಇವರು ಕೈ ಚಾಚಿದರು. ಆಕೆ ಕೊಡಲಿಲ್ಲ. ಸೊಸೆಯ ಕೈಯಲ್ಲಿ ಅಟ್ಟದ ಮೇಲಿಂದ ಖಾಲಿ ಮಣೆ ಇಳಿಸಿ, ಅಲಗನ್ನು ಸಿಕ್ಕಿಸಿ, ನಮ್ಮೆದುರಿಗೇ ಒಂದು ಸೋರೆಕಾಯಿ ಹೆಚ್ಚಿದರು. ತುದಿಯ ಅರ್ಧದಲ್ಲೇ.

"ಇಷ್ಟು ಮಾಡವ್ರಲ್ಲ, ಸಾಕು. ಇದ್ರಲ್ಲೇ ಹೆಚ್ಕಂತೀನಿ."

ಆ ಸೋರೆಕಾಯಿಯ ಪಲ್ಯ ತಿಂದು ಹೊರಟೆವು. ವೈಸನ್ನು ಗಾಡಿಗೆ ಹೇರಿಸಿದ ಮೇಲೆ ಲಿಂಗಮ್ಮ ಇವರನ್ನು ಕರೆದು, ಸೋಮವಾರ ಸೋಮವಾರ ಬೇಡ, ಆಯುಧಪೂಜೆಗಾದರೂ ಮೈಗೆ ನೀರು ಹಾಕಿ, ನಿಂಬೆಹಣ್ಣು ಕುಯ್ದು ಪೂಜೆ ಮಾಡಬೇಕು ಎಂದು ಭಾಷೆ ಕೇಳಿದರು. ಇವರು ಆಗಲಿ ಎಂದರು. ದಾರಿಯುದ್ದಕ್ಕೂ ನಾನು ಇವರ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ.

ಆ ವರ್ಷದ ಆಯುಧಪೂಜೆಗೆ ಎಂದಿನಂತೆ ವೈಸುಗಳಿಗೆಲ್ಲ ಒಣ ವಿಭೂತಿ ಆಯಿತು. ಈರಭದ್ರಪ್ಪನವರ ವೈಸಿನ ಸರದಿ ಬಂದಾಗ ಇವರು ವಿಭೂತಿಯ ತಟ್ಟೆ ಕೆಳಗಿಟ್ಟರು. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು, ಅಷ್ಟನ್ನೂ ನೆತ್ತಿಯಿಂದ ಸುರಿದರು. ನಿಂಬೆಹಣ್ಣು ಕುಯ್ದು ರಸ ಹಿಂಡಿದರು. ಮಂಗಳಾರತಿ ಮುಗಿದದ್ದೇ ತಡ, ಅಂಗಡಿಯಿಂದ ಹೊಸ ಮಲ್ಲಿನ ತುಂಡು ಹರಿದು ತಂದು, ಬಿಚ್ಚಿ, ಒರೆಸಿ, ಎಣ್ಣೆ ಹಾಕುತ್ತಾ ಮಧ್ಯಾಹ್ನದ ಹೋಳಿಗೆ ಊಟವನ್ನೂ ಮರೆತರು. ಚಿಲಕದ ಮಾತನ್ನು ನಾನು ಆವತ್ತು ಎತ್ತಲಿಲ್ಲ.

ಮಾರನೆಯ ದಿನ ಎತ್ತಿದೆ. ಬೈಯದೆ ಇದ್ದರೆ ನಮ್ಮ ಮನೆಯಲ್ಲಿ ಏನೂ ನಡೆಯುವುದಿಲ್ಲ. ಇವರು ಒಂದು ಮಾತೂ ಆಡದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಬಚ್ಚಲಮನೆಯ ಕಡೆ ಹೋದರು. ನಾನು ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಹಿಂದೆಯೇ ಹೋಗಿ, ಬಾಗಿಲಿಗೆ ಒರಗಿ ನಿಂತುಕೊಂಡೆ. ಇವರು ಮೊಳೆ ಕೀಳುತ್ತಾ ತಿರುಗಿ ನೋಡಿದರು.

"ನಿಂತ್ಕಂಡು ಏನ್ ನೋಡ್ತೀಯೇ, ಅನ್ನ ಸೀಯುತ್ತೆ ಹೋಗು."

"ಸೀದ್ರೆ ಸೀಯ್ಲಿ ಬಿಡಿ, ನೀವು ಮುಗ್ಸಿ" ಎಂದೆ.