ಮುಂದಿನ ಸಾಲಿನ ಗೊಂಬೆ

"ಕೈ ತೆಗೀರಿ ಅದರ ಮೇಲಿಂದ!" ಎನ್ನುತ್ತ ಮಗಳು ಅಪ್ಪನ ಟ್ರಾಂಬೋನಿನ ಉದ್ದನೆಯ ಹಿತ್ತಾಳೆ ಕತ್ತು ಹಿಡಿದು ಎಳೆದಳು. ಇನ್ನೊಂದು ತುದಿ ಹಿಡಿದಿದ್ದ ಸುಣ್ಣ ಬಳಿಯುವವನು ಬಿಡಬೇಕೋ ಬೇಡವೋ ತಿಳಿಯದೆ ಬ್ಯಾಂಡ್ ಮಾಸ್ತರರ ಮುಖ ನೋಡಿದ. ಅವನಿಗೆ ತೊಡಿಸಿದ್ದ ಕೆಂಪು ಕೋಟು ಇನ್ಯಾರದೋ ಬೆವರಿನಿಂದ ಕಂಕುಳಲ್ಲಿ ಬೆಳ್ಳಗೆ ಉಪ್ಪುಗಟ್ಟಿತ್ತು.

ನಡುಮನೆಯಲ್ಲಿ ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿಯಾಗಿತ್ತು. ಇನ್ನು ಅರ್ಧ ಗಂಟೆಯಲ್ಲಿ ಹೊರಡಬೇಕು.

"ಹಾಗಲ್ಲಮ್ಮ," ಮಾಸ್ತರರು ಮೀಸೆ ಸವರಿಕೊಂಡರು. "ಟ್ರಾಂಬೋನಿನವರು ಯಾವತ್ತೂ ಮುಂದಿನ ಸಾಲು. ಈ ಜಾರೋ ಕೊಳವೆ, ಸ್ಲೈಡು, ಚಾಚಿದಾಗ ಯಾರ ಬೆನ್ನಿಗೂ ಬಡೀಬಾರದಲ್ಲ. ಈಗ ಅಲ್ಲಿ ಯಾರೂ ಇಲ್ಲ ಅಂದ್ರೆ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತೆ. ಇವನು ಸುಮ್ಮನೆ ಹಿಡ್ಕೊಂಡು ನಡೀತಾನೆ, ಅಷ್ಟೇ."

"ಊದೋಕೆ ಬರುತ್ತಾ ಇವರಿಗೆ?"

"ನನಗಾ?" ಸುಣ್ಣದವನು ಗಾಬರಿಯಾದ. "ಪೀಪಿ ಊದೋಕೂ ಬರಲ್ಲಕ್ಕಾ. ಕೆನ್ನೆ ಉಬ್ಬಿಸೋದು ಮಾತ್ರ ಹೇಳಿಕೊಟ್ಟಿದ್ದಾರೆ."

"ಥೂ! ನಮ್ಮಪ್ಪನ ಹೆಣದ ಮುಂದೆ ಗೊಂಬೆ ನಡೆಸ್ತೀರಾ?" ಅವಳ ಬಾಯೆಲ್ಲ ಹುಳಿಯಾಯಿತು.

ವಾದ್ಯ ಹಿಡಿದು ಊದಿದಂತೆ ನಟಿಸುವವರಿಗೆ ಬ್ಯಾಂಡಿನಲ್ಲಿ ಗೊಂಬೆ ಎಂದೇ ಹೆಸರು. ಹತ್ತು ಜನರ ಬ್ಯಾಂಡು ಹದಿನಾರು ಜನರದೆಂದು ಕಾಣಲು ಮಾಸ್ತರರು ಕಂಡುಕೊಂಡ ಉಪಾಯ ಅದು.

*

ಮೊದಲ ಸಲ ಪಕ್ಕದಲ್ಲಿ ಗೊಂಬೆಯೊಂದು ನಿಂತ ದಿನ ಅಪ್ಪ ತಟ್ಟೆಯ ಮುಂದೆ ಕುಳಿತವನು ಎದ್ದುಬಿಟ್ಟಿದ್ದ.

"ಗಂಟಲಲ್ಲಿ ಇಳೀತಿಲ್ಲ ಕಣೇ," ಎಂದಿದ್ದ ಅಮ್ಮನಿಗೆ. "ಒಬ್ಬ ಖಾಲಿ ಕೆನ್ನೆ ಉಬ್ಬಿಸ್ಕೊಂಡು ಊರಿಡೀ ಜೊತೆಗೆ ಬಂದ. ಹಳಸಿದ್ದು ತಿಂದ ಹಾಗಾಗ್ತಿದೆ."

"ಅವನೇನು ನಿಮ್ಮ ಮೇಲೆ ವಾಂತಿ ಮಾಡಿದ್ನಾ? ಕೂತು ತಿನ್ರಿ."

ಅಪ್ಪ ಕೂರಲಿಲ್ಲ. ಹನ್ನೆರಡು ವರ್ಷದ ಮಗಳನ್ನು ಕರೆದು ಟ್ರಾಂಬೋನನ್ನು ಬಿಚ್ಚಿ ಜೋಡಿಸುವುದನ್ನೂ ಸ್ಲೈಡಿಗೆ ಎಣ್ಣೆ ಸವರುವುದನ್ನೂ ಕಲಿಸಿದ. ತನ್ನ ಗುರು ಹೇಳಿದ್ದನ್ನು ಅವಳಿಗೂ ಹೇಳಿದ: ಒಂದು ಕಾಲದಲ್ಲಿ ಇದನ್ನು ಊದುತ್ತಿದ್ದದ್ದು ಹೆಚ್ಚಾಗಿ ದೇವರ ಪ್ರಾರ್ಥನೆಗೆ, ಇಲ್ಲವೇ ತೀರಿಕೊಂಡವರಿಗೆ. ಪರದೇಶದಲ್ಲಿ ಯಾರಾದರೂ ತೀರಿಹೋದರೆ ನಾಲ್ವರು ಚರ್ಚಿನ ಗೋಪುರ ಹತ್ತಿ ಊರಿಗೆಲ್ಲ ಕೇಳುವಂತೆ ಊದುತ್ತಿದ್ದರಂತೆ. ಕುಣಿತಕ್ಕೂ ಮೆರವಣಿಗೆಗೂ ಇಳಿದದ್ದು ಆಮೇಲೆ.

"ಇದಕ್ಕೆ ಒತ್ತೋ ಗುಂಡಿ ಇಲ್ಲ ನೋಡು ಮಗಳೇ. ಏಳು ಜಾಗ ಇದೆ, ಒಂದಕ್ಕೂ ಗುರುತಿಲ್ಲ. ಕೂದಲೆಳೆ ತಪ್ಪಿದ್ರೂ ಜಗತ್ತಿಗೇ ಗೊತ್ತಾಗುತ್ತೆ. ಇದನ್ನ ಹಿಡ್ಕೊಂಡು ಸುಳ್ಳು ಹೇಳೋಕೆ ಆಗಲ್ಲ. ದೇವರಿಗೆ ಹಿಡಿಸಿದ್ದು ಅದಕ್ಕೇ."

*

"ಕೊಟ್ಟುಬಿಡು ಪುಟ್ಟಿ," ಎಂದವರು ಯೂಫೋನಿಯಂ ಎಂಬ ದಪ್ಪ ಕಹಳೆ ಊದುವ ಮಾಮ. ಮೂವತ್ತು ವರ್ಷ ಅಪ್ಪನ ಬೆನ್ನ ಹಿಂದೆಯೇ ನಡೆದವರು.

"ನೀವೂ ಹೀಗಂತೀರಲ್ಲ ಮಾಮ! ಗೊಂಬೆಗಳ ನೆರಳಿಗೂ ಹೇಸ್ತಿದ್ದ ಮನುಷ್ಯ. ಹೋದ ತಿಂಗಳು ನೀವೆಲ್ಲ ನಮ್ಮ ಹೊಲಿಗೆ ಅಂಗಡಿ ಮುಂದೆ ಹಾದಾಗ, ಕೆಲಸದವರನ್ನೆಲ್ಲ ಎಬ್ಬಿಸಿ ಬೀದಿಗೆ ಕರ್ಕೊಂಡು ಬಂದೆ. ಕೇಳ್ರೇ, ಅದು ನಮ್ಮಪ್ಪ ಊದ್ತಿರೋದು ಅಂತ."

ಮಾಮ ನೆಲ ನೋಡಿದರು. "ಅವತ್ತು ನೀನು ಕೇಳಿದ್ದು ನನ್ನದು ಕಣಮ್ಮ. ಅವನ ಪಾಲಿನ ಸ್ವರಾನೂ ನಾನೇ ಊದ್ತಿದ್ದೆ."

"ಅಂದ್ರೆ?"

"ಹಲ್ಲು ಹೋದ ಮೇಲೆ ಅವನ ಕೈಲಾಗ್ಲಿಲ್ಲ. ಆರು ವರ್ಷ ಆಯ್ತು."

"ಆದರೂ ನಾನು ಕೈಬಿಡಲಿಲ್ಲಮ್ಮ," ಮಾಸ್ತರರು ಉದಾರವಾಗಿ ಎದೆ ಮುಟ್ಟಿಕೊಂಡರು. "ಸ್ಲೈಡು ಮಾತ್ರ ಒಂದಿನಾನೂ ಜಾಗ ತಪ್ಪಲಿಲ್ಲ. ನಿಜ ಹೇಳ್ಬೇಕಂದ್ರೆ, ಅಂಥ ಗೊಂಬೆ ನನಗೆ ಇನ್ನೊಂದು ಸಿಗಲ್ಲ."

ಅವಳು ಟ್ರಾಂಬೋನನ್ನು ಸುಣ್ಣದವನ ಕೈಯಿಂದ ಕಿತ್ತುಕೊಂಡಳು. ಅಲ್ಲೇ ಜಗುಲಿಯ ಮೇಲೆ ಕುಳಿತು ಕೊಳವೆಗಳು ಕೂಡುವಲ್ಲಿ ತಿರುಚಿ ಬಿಚ್ಚಿದಳು. ಒಳಗೆ ಬಟ್ಟೆ ಇತ್ತು. ಗೊಂಬೆಗಳು ಮರೆತು ಉಸಿರು ಬಿಟ್ಟರೂ ಸದ್ದು ಹೊರಡಬಾರದೆಂದು ಮಾಸ್ತರರು ಹಾಗೆ ತುರುಕಿಸುತ್ತಿದ್ದರು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಅದು ಹುಳದಂತೆ ಉದ್ದಕ್ಕೆ ಬಂತು. ಕಪ್ಪಗೆ, ಅಂಟಂಟು, ಅಲ್ಲಲ್ಲಿ ಹಸಿರು ಬೂಸಲು. ತೊಳೆಯದ ಬಾಯಿಯ ವಾಸನೆ. ಸುಣ್ಣದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ.

ಅದರ ಅಂಚಿನಲ್ಲಿ ಒತ್ತೊತ್ತಾದ ಹೊಲಿಗೆ. ಆ ಹೊಲಿಗೆ ಅವಳದೇ. ಅಮ್ಮನಿಗೆಂದು ಹೊಲಿದುಕೊಟ್ಟಿದ್ದ ದಿಂಬಿನ ಚೀಲ ಅದು.

ಬಾಗಿಲಾಚೆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದ ಅಮ್ಮ ತಲೆಯೆತ್ತಿದಳು. "ಏನು ಹಾಗೆ ನೋಡ್ತೀಯ? ನಾನೇ ಹರಿದು ಕೊಟ್ಟಿದ್ದು."

*

ಕಟ್ಟಿಸಿದ ಹಲ್ಲು ಬಂದ ಮೇಲೆ ಅಪ್ಪ ಊದಿದರೆ ತೂತುಬಿದ್ದ ಸೈಕಲ್ ಟ್ಯೂಬಿನ ಸದ್ದು ಬರುತ್ತಿತ್ತು. ಹಲ್ಲು ತೆಗೆದರೆ ಅದೂ ಇಲ್ಲ. ನಾಲ್ಕು ದಿನ ಗೋಡೆ ನೋಡುತ್ತ ಕುಳಿತ. ಪ್ರಾರ್ಥನೆಗೂ ಏಳಲಿಲ್ಲ. ಐದನೆಯ ದಿನ ಅಮ್ಮ ದಿಂಬಿನ ಚೀಲ ಹರಿದಳು.

"ಊದೋಕಾಗದಿದ್ರೆ ಬೇಡ. ನಿಮ್ಮ ಸಾಲಲ್ಲಿ ನಡ್ಕೊಂಡಾದ್ರೂ ಬನ್ನಿ. ಹೀಗೆ ಕೂತ್ರೆ ನೀವು ಉಳಿಯಲ್ಲ."

ಮೊದಲ ದಿನ ಹೋಗಿ ಬಂದು ಅಪ್ಪ ಬಚ್ಚಲಲ್ಲಿ ಬಗ್ಗಿ ಕಾರಿಕೊಂಡ. ಮಾರನೆಯ ದಿನ ಕೋಟಿಗೆ ತಾನೇ ಇಸ್ತ್ರಿ ಮಾಡಿಕೊಂಡು ಮತ್ತೆ ಹೋದ.

*

ಮಗಳು ಆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೇ ಇದ್ದಳು. ಮಾಸ್ತರರ ಮೀಸೆ, ಸುಣ್ಣದವನ ಕೋಟು, ಅಂಗಡಿಯವರನ್ನೆಲ್ಲ ಕರೆದು ಜಂಬ ಕೊಚ್ಚಿದ ತನ್ನ ಬಾಯಿ, ಪೆಟ್ಟಿಗೆಯಲ್ಲಿ ಒಳಸೇದಿಕೊಂಡ ಅಪ್ಪನ ತುಟಿ, ಎಲ್ಲವೂ ಒಂದೇ ನಾರುವ ಬಟ್ಟೆಯಲ್ಲಿ ಸುತ್ತಿದಂತಿತ್ತು. ಆರು ವರ್ಷ ದಿನವೂ ಅಸಹ್ಯ ನುಂಗಿಕೊಂಡು ಇಸ್ತ್ರಿ ಮಾಡಿದನಲ್ಲ ಈ ಮನುಷ್ಯ. ಅವನು ಹೋದ ಮೇಲೂ ಅವನ ಜಾಗದಲ್ಲಿ ಗೊಂಬೆಯೇ ನಡೆಯಬೇಕೆ?

ಬಟ್ಟೆಯನ್ನು ಚರಂಡಿಗೆಸೆದು, ಕೈಯನ್ನು ಸೆರಗಿಗೆ ಒರೆಸಿ, ಕೊಳವೆಗಳನ್ನು ಮತ್ತೆ ಜೋಡಿಸಿದಳು. ಸುಣ್ಣದವನ ಕೈಗೆ ಕೊಟ್ಟಳು.

"ಊದಣ್ಣ."

"ಬರಲ್ಲ ಅಂದ್ನಲ್ಲಕ್ಕಾ!"

"ಬರೋದು ಬೇಡ. ಉಸಿರಿದೆಯಲ್ಲ?"

"ಸಾವಿನ ಮನೇಲಿ ಮಾನ ಕಳೀಬೇಡಮ್ಮ!" ಎಂದರು ಮಾಸ್ತರರು.

"ಇನ್ನು ಕಳೆಯೋಕೆ ಏನಿದೆ ಮಾಸ್ತರೇ," ಒಳಗಿಂದ ಅಮ್ಮನ ದನಿ ಬಂತು. "ಊದಪ್ಪ ನೀನು."

ಪೆಟ್ಟಿಗೆ ಮೇಲೆದ್ದಿತು. ಬ್ಯಾಂಡಿನವರು ನಿಧಾನದ ನಡಿಗೆ ಹಿಡಿದರು. ಮುಂದಿನ ಸಾಲಿನಲ್ಲಿ ಒಬ್ಬನೇ ಆದ ಸುಣ್ಣದವನು ಕಣ್ಣು ಮುಚ್ಚಿ ಊದಿದ. ಮೊದಲು ಬರಿಯ ಗಾಳಿ. ಬೀದಿ ತಿರುಗುವಷ್ಟರಲ್ಲಿ, ಕರು ಹಾಕಲು ತಿಣುಕುವ ಎಮ್ಮೆಯಂತೆ ಒಂದು ಕೂಗು ಎದ್ದಿತು. ಕ್ಷೌರದಂಗಡಿಯಲ್ಲಿ ಅರ್ಧ ಮುಖ ಸೋಪಿನವನು ಹೊರಗೆ ಇಣುಕಿ "ಇದೇನ್ರೀ ಹೇಸಿಗೆ!" ಎಂದ. ಮಾಸ್ತರರು ಎರಡೂ ಕೈ ಆಡಿಸಿ ನಿಲ್ಲಿಸು ನಿಲ್ಲಿಸು ಎಂದರು. ಸುಣ್ಣದವನ ಕಣ್ಣು ಮುಚ್ಚಿಯೇ ಇತ್ತು. ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ತುಟಿಯಂಚಿನಿಂದ ಇಳಿದ ಎಂಜಲು ಸ್ಲೈಡಿನುದ್ದ ಹರಿದು, ತುದಿಯಿಂದ ತೊಟ್ಟಿಕ್ಕಿ, ಧೂಳಿನಲ್ಲಿ ಒದ್ದೆ ಚುಕ್ಕೆಗಳನ್ನು ಬಿಡುತ್ತಿತ್ತು.

ಪೆಟ್ಟಿಗೆ ಹೊತ್ತವರು ಮುಖ ಕಿವುಚಿ ಆ ಚುಕ್ಕೆಗಳನ್ನು ದಾಟಿ ದಾಟಿ ನಡೆದರು. ಹಿಂದೆ ಬರುತ್ತಿದ್ದ ಮಗಳು ಚಪ್ಪಲಿ ಬಿಟ್ಟು, ಒಂದನ್ನೂ ದಾಟದೆ, ಅವುಗಳ ಮೇಲೆಯೇ ಕಾಲಿಟ್ಟು ನಡೆದಳು.